ಮೌನಿಕಾಳ ತೋಳು, ಯರ್ರೆಪ್ಪನ ಕವಣೆ

ನಮ್ಮ ಕೌತಾಳಂ ಕಡೆ ಜೋಳದ ತೆನೆ ಹಾಲುಗಾಳು ಕಟ್ಟಿದರೆ ಹಕ್ಕಿ ಕಾಯುವ ಕೆಲಸ ಮಕ್ಕಳ ತಲೆಗೇ. ಇರಲಿ, ಒಂದಷ್ಟು ಕಾಯಲಿ. ಆದರೆ ಯರ್ರೆಪ್ಪ ಮಾಡಿದ್ದನ್ನು ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ.

ಆತನ ಮಗಳು ಮೌನಿಕಾ ಒಂಬತ್ತನೇ ತರಗತಿ. ನಮ್ಮ ಶಾಲೆಯ ಬೇಸ್‌ಬಾಲ್ ತಂಡದ ಪಿಚರ್. ಅಂದರೆ ಬ್ಯಾಟು ಹಿಡಿದವರಿಗೆ ಚೆಂಡು ಎಸೆಯುವವಳು. ನಾನು ಅವಳ ಆಟದ ಟೀಚರ್, ಸುಷ್ಮಾ. ಜಿಲ್ಲಾ ತಂಡದ ಆಯ್ಕೆಗೆ ಇನ್ನು ಆರೇ ವಾರ ಎನ್ನುವಾಗ, ಬಲಗೈ ಎತ್ತಿ ಜಡೆ ಹಾಕಿಕೊಳ್ಳಲಾಗದೆ ಹುಡುಗಿ ಅಳುತ್ತ ಬಂದಳು. ಅಪ್ಪ ಹೊಲದಲ್ಲಿ ದಿನಾ ನೂರು ಕಲ್ಲು ಬೀಸಿಸುತ್ತಾನೆ ಎಂದಳು.

ಸೀದಾ ಅವರ ಹೊಲಕ್ಕೆ ಹೋದೆ.

“ಯರ್ರೆಪ್ಪಾ, ಮಗಳ ಕೈಗೆ ಏನ್ ಮಾಡೀರಿ?”

“ಪರ್ವಾಲೇದು ಮೇಡಂ, ಏನೂ ಆಗಿಲ್ಲ, ಎಲುಬೇನೂ ಮುರಿದಿಲ್ಲ. ತೋಳು ಗಟ್ಟಿ ಆಗ್ಲಿ ಅಂತ ಮುಂಜಾನಿ, ಸಂಜಿ ಕವಣಿ ಬೀಸಸ್ತೀನಿ. ಹಕ್ಕೀನೂ ಹೋಗ್ತಾವ, ಪ್ರಾಕ್ಟೀಸೂ ಆಗ್ತೈತಿ. ಕುರಿ ಕಾಯೋ ನಾವು ಕವಣಿ ಬೀಸೇ ಬೆಳದವ್ರು.”

“ಶಾಲ್ಯಾಗ ತಾಸುಗಟ್ಲೆ ಎಸೆದು ಬಂದ ಕೈಗೆ ಮತ್ತ ಕವಣಿ? ಬುದ್ಧಿ ಐತೇನ್ರಿ ನಿಮಗ?”

ಮೌನಿಕಾಳ ತಾಯಿ ಗಂಗಕ್ಕ ಬುತ್ತಿ ಇಳಿಸಿದಳು. “ನೋವು ಅಂದ್ರ ಎಣ್ಣಿ ತಿಕ್ಕಿ, ಕೈ ಜಗ್ಗಿ ಕಳಸ್ತೀವ್ರಿ.”

ನನಗೆ ಮೈಯೆಲ್ಲ ಉರಿಯಿತು. ನೋಯುವ ಕೈಯನ್ನು ಜಗ್ಗುವುದಂತೆ! ಕವಣೆ ತೆಗೆದು ಯರ್ರೆಪ್ಪನ ಕೈಗೇ ಕೊಟ್ಟೆ.

“ದಿನಾ ನೂರು ಕಲ್ಲು ಬೀಸ್ತೀನಿ ಅಂದಾಳ ಆಕಿ. ನೀವೂ ಬೀಸ್ರಿ, ನಾ ಎಣಿಸ್ತೀನಿ.”

ನಗುತ್ತಲೇ ಶುರು ಮಾಡಿದ. ಐವತ್ತಕ್ಕೆ ನಗು ನಿಂತಿತು. ಎಪ್ಪತ್ತೆರಡಕ್ಕೆ ಭುಜ ಹಿಡಿದುಕೊಂಡು ಬದುವಿನ ಮೇಲೆ ಕೂತ.

“ಯಪ್ಪಾ… ಇನ್ನ ಆಗವಲ್ದು ಮೇಡಂ.”

“ಮಗಳು ಅತ್ತಾಗ ನಖರಾ ಮಾಡ್ತಾಳ ಅಂದ್ರಲ್ಲ?” ಗಂಗಕ್ಕ ಗಂಡನ ಮೇಲೆ ಹರಿಹಾಯ್ದಳು. “ಈಗ ನೀವು ಮಾಡ್ರಿ ನಖರಾ!”

ಯರ್ರೆಪ್ಪ ತಲೆ ತಗ್ಗಿಸಿದ. “ಮತ್ತ ತೋಳಿಗೆ ಬಲ ಹ್ಯಾಂಗ ಬರ್ತೈತ್ರಿ?”

“ಎಸೆದೂ ಎಸೆದೂ ಬರಂಗಿಲ್ಲ. ಆಕೀದು ಇನ್ನೂ ಬೆಳೆಯೋ ಎಲುಬು. ಮೊದಲು ಡಾಕ್ಟರಿಗೆ ತೋರಿಸ್ರಿ. ಅವರು ಹ್ಞೂಂ ಅಂದ ಮ್ಯಾಲೆ ವಾರಕ್ಕ ಮೂರು ದಿನ ಕಸರತ್ತು. ಹಳೇ ಸೈಕಲ್ ಟ್ಯೂಬ್ ಕಂಬಕ್ಕ ಕಟ್ಟಿ ಮೆಲ್ಲಗ ಎಳೆಯೋದು, ಬೈಠಕ್ ಹೊಡೆಯೋದು, ಹೊಟ್ಟಿ-ಬೆನ್ನು ಗಟ್ಟಿ ಮಾಡೋದು. ಎಸೆಯೋ ಜೋರು ಕಾಲು, ಸೊಂಟದಿಂದ ಬರ್ತೈತ್ರಿ. ಅವು ಸೋತ್ರ ಭಾರ ಎಲ್ಲಾ ಭುಜಕ್ಕ.”

ಮರುದಿನವೇ ಆದೋನಿಗೆ ಕರೆದೊಯ್ದರು. ಎಂಟು ವಾರ ಚೆಂಡು ಮುಟ್ಟಬಾರದು ಎಂದರು ಡಾಕ್ಟರು. ಆಯ್ಕೆಯ ದಿನ ಮೌನಿಕಾ ಗೆರೆಯಾಚೆ ಕೂತು ಬೇರೆಯವರ ಆಟ ನೋಡಿದಳು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಹೊಲದಲ್ಲಿ ಯರ್ರೆಪ್ಪನೇ ಡಬ್ಬಿ ಬಡಿದು ಹಕ್ಕಿ ಓಡಿಸುತ್ತಾನೆ. ಮನೆ ಕಂಬಕ್ಕೆ ಟ್ಯೂಬ್ ಕಟ್ಟಿದವನೂ ಅವನೇ. ಮುಂದಿನ ವರ್ಷದ ಆಯ್ಕೆಗೆ ಮೌನಿಕಾ ಸಜ್ಜಾಗುತ್ತಿದ್ದಾಳೆ.

ಅಪ್ಪ ಅಮ್ಮಂದಿರೇ, ಟೀಚರುಗಳೇ, ಅತಿಯಾದರೆ ಅಮೃತವೂ ವಿಷ. ಮಕ್ಕಳು ಎಸೆಯುವುದನ್ನು ಎಣಿಸಿ. ನಡುನಡುವೆ ದಿನ ಬಿಟ್ಟು ತೋಳಿಗೆ ವಿಶ್ರಾಂತಿ ಕೊಡಿ. ಮೈಗೆ ಬಲ ಬರುವ ಕಸರತ್ತು ಕಲಿಸಿ. ನೋವೆಂದರೆ ಆಟ ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಿ, ಕೈ ಜಗ್ಗಬೇಡಿ. ಇವತ್ತೇ ಮಗುವನ್ನು ಹತ್ತಿರ ಕರೆದು “ತೋಳು ನೋಯ್ತೈತೇನವ್ವಾ?” ಎಂದು ಕೇಳಿ. ದಿನಾ ಆಟ ಆಡಿಸಿದ ನಾನು ಒಂದು ದಿನವೂ ಕೇಳಿರಲಿಲ್ಲ.