ಮೂಕಿ ಚಿತ್ರದವರು ಆಡಿದ ಮಾತು

ಯಾರೂ ನಗದ ಜಾಗದಲ್ಲಿ ಅವಳೊಬ್ಬಳೇ ಕಿಸಕ್ಕನೆ ನಕ್ಕಳು. ಮುಂದಿನ ಸಾಲಿನ ಎರಡು ತಲೆಗಳು ಹಿಂದಕ್ಕೆ ತಿರುಗಿದವು. ತೆರೆಯ ಮೇಲೆ ಹೆಂಡತಿಯೊಬ್ಬಳು ಸಂಶಯದ ಗಂಡನ ಕಾಲಿಗೆ ಬಿದ್ದು ಗೋಳಾಡುತ್ತಿದ್ದಳು. ಅವನು ಕೊಡೆ ಬೀಸುತ್ತ ಬೀರುವಿನಲ್ಲಿ, ಮಂಚದಡಿಯಲ್ಲಿ, ಕೊನೆಗೆ ಹೂಜಿಯೊಳಗೂ ಇಣುಕಿ ಇಲ್ಲದ ಪ್ರಿಯಕರನನ್ನು ಹುಡುಕಿ ಬಂದಿದ್ದ.

ವಾಚನಾಲಯದ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಆ ಹಳೆಯ ಮೂಕಿ ಚಿತ್ರ ತೋರಿಸುತ್ತಿದ್ದರು. "ಮೂರು ವಾರದಿಂದ ಒಬ್ಬರ ಮುಖ ಒಬ್ರು ನೋಡ್ತಿಲ್ಲ. ಅಲ್ಲಾದ್ರೂ ಪಕ್ಕಪಕ್ಕ ಕೂತ್ಕೊಂಡು ಬನ್ನಿ" ಎಂದು ಅವಳ ನಾದಿನಿಯೇ ಅವಳನ್ನೂ ಗಂಡನನ್ನೂ ಹೊರಡಿಸಿದ್ದಳು.

ಏಳನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಕಿವಿ ಕಸಿದುಕೊಂಡಿತ್ತು. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಅವಳದು ಬಟ್ಟೆ ಹೊಲಿಯುವ ಕೆಲಸ. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಮೂರು ವಾರದ ಹಿಂದೆ ಏಣಿಯ ಮೇಲಿಂದ ಎದುರಿನ, ದಾರ-ಗುಂಡಿ ಮಾರುವ ಗುಂಡಿ ಅಂಗಡಿ ಅವನ ಕಣ್ಣಿಗೆ ಬಿತ್ತು. ಗಾಜಿನ ಆಚೆ ಅಂಗಡಿಯವನು, ಈಚೆ ಇವಳು. ತೊದಲನೆಂದು ಯಾರೊಂದಿಗೂ ಬಾಯಿ ಬಿಡದ ಆ ಮನುಷ್ಯನ ತುಟಿ ಎಡೆಬಿಡದೆ ಆಡುತ್ತಿತ್ತು. ಇವಳು ತಲೆದೂಗಿ ನಗುತ್ತಿದ್ದಳು. ಅಂದಿನಿಂದ ಗಂಡ ಮನೆಯಲ್ಲಿ ಗೋಡೆಗೆ ಮುಖ ಮಾಡಿಯೇ ಮಾತಾಡತೊಡಗಿದ. ಅವಳ ಪಾಲಿಗೆ ಅದು ಬಾಗಿಲು ಹಾಕಿ ಚಿಲಕ ಜಡಿದಂತೆ.

ಈಗ ತಡೆಯಲಾಗದೆ ಅವಳತ್ತ ತಿರುಗಿದ. ತೆರೆಯ ಬೆಳಕು ಅವನ ತುಟಿಗಳ ಮೇಲೆ ನೀರಿನಂತೆ ತೇಲುತ್ತಿತ್ತು.

"ಏನೇ, ಪಾಪ ಅವಳು ಅಳ್ತಿದಾಳೆ, ನೀನು ನಗ್ತೀಯಲ್ಲ?"

"ಎಲ್ಲಿ ಅಳ್ತಿದಾಳೆ ರೀ? 'ನನ್ನ ಬೆರಳು ತುಳೀತಿದೀಯ, ಕಾಲು ತೆಗಿಯೋ ಕತ್ತೆ' ಅಂತಿದಾಳೆ."

ತೆರೆಯ ಮೇಲೆ "ನಾನು ನಿರ್ದೋಷಿ" ಎಂಬ ಅಕ್ಷರಗಳು ಮೂಡಿದವು.

"ಗಂಡ ಏನಂತಾನೆ?"

"'ಊಟ ಬಂತಾ ನೋಡು' ಅಂತ. ಕೊಡೆ ಬೀಸಿದಾಗೆಲ್ಲ ಅದೇ."

ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆಮೇಲೆ ಒಂದೂ ಬಿಡದೆ ಹೇಳು ಎಂದ. ಆ ನೀಲಿ ಮಬ್ಬಿನಲ್ಲಿ, ಎಂದೋ ತೀರಿಹೋಗಿದ್ದ ಆ ನಟನಟಿಯರ ಹಸಿವು, ಅಂಟು ಮೀಸೆಯ ತುರಿಕೆ, ಮನೆಯಲ್ಲಿ ಮಲಗಿದ್ದ ಯಾರದೋ ಮಗುವಿನ ಕೆಮ್ಮು, ಎಲ್ಲವೂ ಅವಳ ಪಿಸುದನಿಯಾಗಿ ಅವನ ಕಿವಿಗೆ ಇಳಿದವು.

ಹೊರಗೆ ಬಿಸಿಲಿತ್ತು. ಮೆಟ್ಟಿಲ ಬುಡದಲ್ಲಿ ಅವನು ನಿಂತ.

"ಆ ಗುಂಡಿ ಅಂಗಡಿಯವನು... ಗಾಜಿನ ಆಚೆಯಿಂದ ನಿನಗೇನು ಹೇಳ್ತಾನೆ?"

ಅವಳು ಅವನ ಮುಖವನ್ನೇ ನೋಡಿದಳು. "ಅದಕ್ಕಾ ಇಷ್ಟು ದಿನ ಗೋಡೆ ಜೊತೆ ಸಂಸಾರ ಮಾಡಿದ್ದು? ಅವರಮ್ಮನ ಕಣ್ಣಿನ ಪೊರೆ, ಬೆಕ್ಕು ಮರಿ ಹಾಕಿದ್ದು, ಇಂಥವೇ. ದನಿ ಹೊರಡಿಸಿದ್ರೆ ತಾನೆ ತೊದಲು? ನನ್ನ ಮುಂದೆ ದನಿ ಯಾಕೆ ಬೇಕು? ಸಲೀಸಾಗಿ ಮಾತಾಡ್ತಾರೆ." ಮತ್ತೆ ಅವಳೇ ಸೇರಿಸಿದಳು: "ನನಗೂ ಅದು ಖುಷಿ. ಸುಳ್ಳ್ಯಾಕೆ ಹೇಳ್ಲಿ?"

ಅವನು ನಾಲ್ಕು ಹೆಜ್ಜೆ ಮುಂದೆ ಹೋಗಿ, ಅವಳತ್ತ ತಿರುಗಿ, ಹಿಂದಕ್ಕೆ ನಡೆಯುತ್ತ ದನಿಯಿಲ್ಲದೆ ತುಟಿ ಆಡಿಸತೊಡಗಿದ.

"ಬಾಯಿ ಅಷ್ಟು ಅಗಲ ಮಾಡ್ಬೇಡಿ. ಒಂದೂ ತಿಳೀತಿಲ್ಲ."

ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ಎದುರಿಗೆ ಬರುತ್ತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ದೀಪದ ಕಂಬ ಹತ್ತಿರವಾದಾಗ ಅವಳು ಕೈ ಚಾಚಿ ಅವನ ತೋಳನ್ನು ತುಸು ಎಡಕ್ಕೆ ಎಳೆದಳು. ಕಣ್ಣು ಮಾತ್ರ ಅವನ ತುಟಿಯಿಂದ ಕದಲಲಿಲ್ಲ.