ಮೊದಲು ಮುರಿದದ್ದು

"ನೆಲ ಒರೆಸಿದ್ದು ಯಾರು ಅತ್ತಿಗೆ? ನೀವೇ ತಾನೆ? ಹಾಗಾದ್ರೆ ನೋಡ್ಕೊಳ್ಳೋದೂ ನೀವೇ," ಎಂದು ನಾದಿನಿ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಬಿಗಿ ಮಾಡಿದಳು. "ಅಣ್ಣ ಹೇಳಿಬಿಟ್ಟಿದ್ದಾನೆ. ನಿಮ್ಮ ಸ್ಕೂಲ್ ಕೆಲಸ ಸಾಕಂತೆ. ಸಂಜೆಯೊಳಗೆ ಹೆಡ್‌ಮಿಸ್‌ಗೆ ಫೋನ್ ಮಾಡಿ, ಇನ್ನು ಬರಲ್ಲ ಅಂತ ಹೇಳಿ."

ಆಸ್ಪತ್ರೆಯ ಮಂಚದ ಮೇಲೆ ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆಯಲ್ಲ, ರೆಪ್ಪೆ ಅದುರುತ್ತಿತ್ತು. ಮುರಿದ ತೊಡೆಮೂಳೆಯ ತಲೆ ತೆಗೆದು ಲೋಹದ್ದನ್ನು ಕೂರಿಸಿ ಎರಡು ದಿನವಾಗಿತ್ತು.

"ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತಾರೆ," ಎಂದಳು ಸೊಸೆ. "ಇಲ್ಲಿ ಅತ್ತೆ ತಮ್ಮನ್ನೇ ಮುರ್ಕೊಂಡಿದ್ದಾರೆ. ವಸೂಲಿ ಮಾತ್ರ ನನ್ನ ಹತ್ರ."

"ಕೊಂಕಿಗೇನೂ ಕಮ್ಮಿ ಇಲ್ಲ ನಿಮಗೆ." ನಾದಿನಿ ಫ್ಲಾಸ್ಕ್ ಎತ್ತಿಕೊಂಡು ಕ್ಯಾಂಟೀನಿಗೆ ಹೋದಳು.

ತಪ್ಪು ಸೊಸೆಯ ಬಾಯಿಂದಲೇ ಹೊರಟಿತ್ತು. ಅತ್ತೆ ಬಿದ್ದ ದಿನ ಬೆಳಿಗ್ಗೆ ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವಳು ಅಡುಗೆಮನೆಯಲ್ಲಿ ದೊಪ್ಪೆಂದದ್ದು ಕೇಳಿ ಓಡಿಬಂದು ಕೂಗಿದ ಮೊದಲ ಮಾತು, "ಅಯ್ಯೋ, ನೆಲ ಒರೆಸಿದ್ದೆನಲ್ಲ!" ಗಾಬರಿಯ ಆ ಮಾತನ್ನು ಗಂಡ ತಪ್ಪೊಪ್ಪಿಗೆಯೆಂದು ಹಿಡಿದುಕೊಂಡ. ಆ್ಯಂಬುಲೆನ್ಸಿನವನಿಗೂ, ಡಾಕ್ಟರಿಗೂ, ನೋಡಲು ಬಂದ ನೆಂಟರಿಗೂ ಅದನ್ನೇ ಒಪ್ಪಿಸಿದ: "ಇವಳು ನೆಲ ಒದ್ದೆ ಮಾಡಿಟ್ಟಿದ್ಲು." ಅವಳೂ ನಂಬಿದ್ದಳು. ಅಂದಿನಿಂದ ತಲೆ ತಗ್ಗಿಸಿಕೊಂಡೇ ಬೆಡ್‌ಪ್ಯಾನ್ ಹಿಡಿದಿದ್ದಳು.

ಈಗ ಸುಮ್ಮನೆ ಕೂತರೆ ಕೈ ಏನನ್ನಾದರೂ ಎಸೆದೀತು ಅನ್ನಿಸಿತು. ಎಕ್ಸ್‌ರೇ ಕವರನ್ನು ಎಳೆದು, ಆಪರೇಷನ್ನಿಗೆ ಮುಂಚಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಶಾಲೆಯಲ್ಲಿ ಅಸ್ಥಿಪಂಜರದ ಪಾಠ ಅವಳದು. ಮಕ್ಕಳು ಬೆನ್ನ ಹಿಂದೆ ಕರೆಯುವುದೇ "ಮೂಳೆ ಮಿಸ್" ಎಂದು. ತೊಡೆಮೂಳೆ ಸೊಂಟವನ್ನು ಸೇರುವ ಮುಂಚೆ ಕುತ್ತಿಗೆಯಂತೆ ಸಣ್ಣಗಾಗುತ್ತದೆ. ಅದರ ಒಳಗೆಲ್ಲ ಗಟ್ಟಿಯಲ್ಲ, ನವಿರಾದ ಕಂಬಿಗಳ ಹಂದರ. ದೇಹದ ಭಾರ ಎತ್ತ ಇಳಿಯುತ್ತದೋ ಅತ್ತಲೇ ಆ ಕಂಬಿಗಳು ಸಾಲುಗಟ್ಟುತ್ತವೆ. ಹಲಗೆಯ ಮೇಲೆ ಆ ಗೆರೆಗಳನ್ನು ಎಷ್ಟು ಸಲ ಎಳೆದಿದ್ದಳೋ. ಈ ಫಿಲ್ಮಿನಲ್ಲಿ, ಮುರಿಯದ ಇನ್ನೊಂದು ಕಾಲಿನಲ್ಲೂ, ಅವು ಕಾಣಲಿಲ್ಲ. ಡಸ್ಟರ್ ಆಡಿಸಿದ ಹಾಗೆ ಬರೀ ಮಸುಕು; ಮೂಳೆ ಒಳಗಿಂದಲೇ ಸವೆದಿತ್ತು. ಬೆನ್ನಿನ ಕೊನೆಯ ಮಣಿಗಳು ಚಪ್ಪಟೆಯಾಗಿ ಕೂತು ಎತ್ತರವನ್ನೇ ಕುಗ್ಗಿಸಿದ್ದವು. ಮೇಲಿನ ಗೂಡಿನ ಸಕ್ಕರೆ ಡಬ್ಬಿ ಈಚೆಗೆ ಎಟುಕುವುದಿಲ್ಲವೆಂದು ಅತ್ತೆ ಅಂದಾಗ ಮನೆಯವರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಫಿಲ್ಮನ್ನು ಕೆಳಗಿಳಿಸುವಾಗ ಇನ್ನೊಂದು ನೆನಪಾಯಿತು. ಅಂದು ಅಡುಗೆಮನೆಯಲ್ಲಿ ಎತ್ತಿ ಕೂರಿಸಿದಾಗ ಅತ್ತೆಯ ಬಟ್ಟೆ ಎಲ್ಲೂ ತೇವವಾಗಿರಲಿಲ್ಲ.

"ಅತ್ತೆ, ನಿಮಗೆ ನಿದ್ದೆ ಬಂದಿಲ್ಲ. ಹೇಳಿ. ಮೊದಲು ಜಾರಿದ್ರಾ, ಮೊದಲು ಮುರೀತಾ?"

ಅತ್ತೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು.

"ನಿಮ್ಮ ಬಟ್ಟೆಗೆ ಒಂದು ಹನಿ ನೀರು ಸೋಕಿರ್ಲಿಲ್ಲ."

ಅತ್ತೆ ಕಣ್ಣು ತೆರೆದರು. "ಸ್ಟೌ ಕಡೆ ತಿರುಗಿದೆ. ಒಳಗೆ ಲಟಕ್ ಅಂತು. ಕಾಲೇ ಇಲ್ಲದ ಹಾಗಾಯ್ತು. ಆಮೇಲೆ ಬಿದ್ದೆ."

"ಗೊತ್ತಿದ್ದೂ ಸುಮ್ನಿದ್ರಾ? ನಿಮ್ಮ ಮಗ ಊರಿಗೆಲ್ಲ ಡಂಗುರ ಹೊಡೀತಿದ್ರೂ?" ಪಕ್ಕದ ಮಂಚದವರು ತಿರುಗಿ ನೋಡಿದರು. ನೋಡಲಿ.

"ಏನಂತ ಹೇಳ್ಲಿ?" ಅತ್ತೆಯೂ ದನಿಯೇರಿಸಿದರು. "ನೀರಿಗೆ ಜಾರಿದೆ ಅಂದ್ರೆ ಜಾರಿದ್ದಷ್ಟೇ. ನಿಂತಲ್ಲೇ ಮುರೀತು ಅಂದ್ರೆ? ಸ್ಟೌ ಹತ್ರ ಬಿಡ್ತೀರಾ ನನ್ನ? ಬಾಗಿಲು ದಾಟಕ್ಕೆ ಬಿಡ್ತೀರಾ? ಗಾಜಿನ ಬೊಂಬೆ ಮಾಡಿ ಮೂಲೇಲಿ ಕೂರಿಸ್ತೀರಿ."

"ಅದಕ್ಕೆ ನನ್ನ ಕೂರಿಸೋಣ ಅಂದ್ಕೊಂಡ್ರಾ?"

ಅತ್ತೆ ಗೋಡೆಯತ್ತ ಮುಖ ತಿರುಗಿಸಿದರು.

ಫಿಸಿಯೋದವಳು ಬೆಳಿಗ್ಗೆ ಸೊಸೆಗೆ ಎಬ್ಬಿಸುವ ಬಗೆಯನ್ನೆಲ್ಲ ಹೇಳಿಕೊಟ್ಟು, ನಿಲ್ಲಿಸಲು ಹೊರಟರೆ ಅತ್ತೆ ನೋವೆಂದು ವಾಪಸು ಕಳಿಸಿದ್ದರು. ಸೊಸೆ ಮೂಲೆಯ ವಾಕರನ್ನು ತಂದು ಮಂಚದ ಮುಂದೆ ಕುಕ್ಕಿದಳು.

"ಏಳಿ."

"ಈಗಲಾ?"

"ಈಗಲೇ. ಭಾರ ಬೀಳದೆ ಇದ್ರೆ ಮೂಳೆ ಇನ್ನೂ ಸವೆಯುತ್ತೆ. ನಾಳೆ ಇನ್ನೊಂದು ಕಾಲು ಮುರಿದ್ರೆ ಅದಕ್ಕೂ ನಾನೇ ನೆಲ ಒರೆಸಿದ್ದೆ ಅಂತೀರಿ."

ಸಿಟ್ಟಿನಲ್ಲೂ ಅವಳ ಕೈ ತಪ್ಪಲಿಲ್ಲ. ಹೇಳಿಕೊಟ್ಟಂತೆಯೇ ಬೆನ್ನಿಗೆ ಕೈಕೊಟ್ಟು ಕೂರಿಸಿದಳು, ಕಾಲುಗಳನ್ನು ಒಂದೊಂದಾಗಿ ಇಳಿಸಿದಳು. ಅತ್ತೆ ವಾಕರ್ ಹಿಡಿದು, ಹಲ್ಲು ಕಚ್ಚಿ ಎದ್ದರು.

"ಹಿಡ್ಕೊಳ್ಳೇ!"

"ಹಿಡಿಯಲ್ಲ. ಪಕ್ಕದಲ್ಲೇ ಇದ್ದೀನಿ."

ಬಾಗಿಲಲ್ಲಿ ನಾದಿನಿ ಕಿರುಚಿದಳು. "ಅಯ್ಯಯ್ಯೋ, ಮತ್ತೆ ಬೀಳಿಸ್ತೀರಾ ಅಮ್ಮನ್ನ? ಫೋನ್ ಮಾಡಿದ್ರಾ ಇಲ್ವಾ?"

"ಮಾಡಲ್ಲ. ಸೋಮವಾರ ಪಾಠಕ್ಕೆ ಹೋಗ್ತೀನಿ. ಯಾಕೆ ಅಂತ ನಿಮ್ಮಮ್ಮನ್ನೇ ಕೇಳಿ."

ನಾದಿನಿ ತಾಯಿಯ ಮುಖ ನೋಡಿದಳು. ಅತ್ತೆ ನೆಲವನ್ನೇ ದಿಟ್ಟಿಸುತ್ತಿದ್ದರು. ವಾಕರಿನ ಮೇಲೆ ಬೆರಳ ಗೆಣ್ಣುಗಳು ಬಿಳಿಚಿದ್ದವು.

"ನೆಲ ಒಣಗಿತ್ತು ಕಣೇ," ಎಂದರು, ಬೈದ ಹಾಗೆ. "ನಿಮ್ಮಣ್ಣನಿಗೂ ಹೇಳು."

"ಮತ್ತೆ ಹೇಗೆ ಬಿದ್ದೆ?"

"ಬಾಯ್ಮುಚ್ಚು. ನಿಂತಿದ್ದೀನಿ, ಕಾಣಲ್ವಾ?"

ವಾಕರಿನ ರಬ್ಬರ್ ಕಾಲುಗಳು ಕಿರ್ರೆಂದು ಒಂದಿಷ್ಟು ಮುಂದೆ ಸರಿದವು. ಮುದುಕಿಯ ಬೆನ್ನಿಂದ ಗೇಣುದೂರದಲ್ಲಿ ಸೊಸೆಯ ಅಂಗೈ, ಮುಟ್ಟದೆ, ಅದರ ಜೊತೆಗೇ ಮುಂದೆ ಸರಿಯಿತು.