ಒಂದು ಸಾಲಿನ ಬಿಡುವು

ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಒಂದು ಸಣ್ಣ ಕಂಪನಿ ಹಲವು ಭಾಷೆಗಳಲ್ಲಿ ಬರೆಯುವ ಎಡಿಟರ್ ತಂತ್ರಾಂಶ ತಯಾರಿಸುತ್ತಿತ್ತು. ಅದರಲ್ಲಿ ಕನ್ನಡದ ತಪ್ಪು ತಿದ್ದುವ ಭಾಗ ಲತಾಶ್ರೀಯ ಕೆಲಸ. ಜನವರಿಯಲ್ಲಿ ಅವಳಿಗೊಂದು ದೂರು ಬಂತು. ಬರೆದವರು ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನ ಗುರುಶಾಂತಪ್ಪ, ಕಾರು ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದು ನಿವೃತ್ತರಾದವರು.

ಮೊಮ್ಮಗಳು ಅಕ್ಷರಾಳಿಗಾಗಿ ಅವರು ಹೆಂಡತಿ ಗಂಗಮ್ಮನ ನೆನಪುಗಳನ್ನು ಬರೆದಿಡುತ್ತಿದ್ದರು. ಆಕೆ ಹೇಳುವುದು, ಇವರು ಟೈಪ್ ಮಾಡುವುದು. ಡೆಟ್ರಾಯಿಟ್‌ನಲ್ಲಿ ಮೊದಲ ಸಲ ಹಿಮ ಕಂಡದ್ದನ್ನು ನೆನೆದು ಗಂಗಮ್ಮ, 'ಯಾರೋ ಹತ್ತಿ ಹಿಂಜ್ಯಾರ ಅನಿಸ್ತು ನನಗ' ಎಂದಿದ್ದರು. ಎಡಿಟರ್ ತಾನಾಗಿಯೇ ಅದನ್ನು 'ಯಾರೋ ಹತ್ತಿ ಹಿಂಜಿದ್ದಾರೆ ಎನಿಸಿತು ನನಗೆ' ಎಂದು ತಿದ್ದಿತ್ತು. ಓದಿ ಹೇಳಿದಾಗ ಆಕೆ, "ಇದು ನಾ ಅಂದದ್ದಲ್ಲ" ಎಂದು ಎದ್ದು ಹೋದರಂತೆ. ತಿದ್ದುವುದನ್ನು ಪೂರ್ತಿ ಆಫ್ ಮಾಡಿದರೆ ಗುರುಶಾಂತಪ್ಪನವರ ನಡುಗುವ ಬೆರಳು ಮಾಡಿದ ತಪ್ಪುಗಳೆಲ್ಲ ಹಾಗೇ ಉಳಿಯುತ್ತಿದ್ದವು. ಮತ್ತೆ ಆನ್ ಮಾಡುವುದು ಅವರಿಗೆ ಮರೆತುಹೋಗುತ್ತಿತ್ತು.

ಲತಾಶ್ರೀ ಒಂದು ಉಪಾಯ ಮಾಡಿದಳು. ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಎಡಿಟರ್ ಏನನ್ನೂ ತಿದ್ದದು, ಬಿಟ್ಟೊಡನೆ ಮತ್ತೆ ಶುರು. ಹೆಮ್ಮೆಯಿಂದಲೇ ಕಳಿಸಿದಳು. 'ಕೀಲಿ ಮ್ಯಾಲ ಕಿರುಬೆರಳು ನಿಲ್ಲೂದಿಲ್ಲ ತಂಗಿ' ಎಂದು ಗುರುಶಾಂತಪ್ಪನವರ ಉತ್ತರ ಬಂತು.

ಫೆಬ್ರವರಿಯ ಒಂದು ಶನಿವಾರ ಅವಳು ಬೆಳಿಗ್ಗೆ ಆರಕ್ಕೇ ಹೊರಟು ಮುನ್ನೂರು ಮೈಲಿ ಡ್ರೈವ್ ಮಾಡಿ ಅವರ ಮನೆ ತಲುಪಿದಳು. ಊಟ ಮುಗಿಸಿ ಅವರ ಪಕ್ಕ ಕೂತು ನೋಡಿದಳು. ನಾಲ್ಕು ಪದ ಬರೆಯುವಷ್ಟರಲ್ಲಿ ಬೆರಳು ಮೂರು ಸಲ ಜಾರಿತು. ಜಾರಿದಾಗಲೆಲ್ಲ ಎಡಿಟರ್ ಒಂದೊಂದು ಪದವನ್ನು ಬದಲಿಸಿತು.

"ಸಾರಿ ಅಂಕಲ್. ನನ್ನ ಕೈಯಲ್ಲೇ ಟೆಸ್ಟ್ ಮಾಡಿ ಕಳಿಸ್ಬಿಟ್ಟೆ. ಮೊದಲು ನಿಮ್ಮನ್ನ ಕೇಳ್ಬೇಕಿತ್ತು."

"ಈಗ ಕೇಳಾಕ ಬಂದೀಯಲ್ಲವ್ವಾ." ಅವರು ಕನ್ನಡಕ ತೆಗೆದು ಸ್ವಲ್ಪ ಯೋಚಿಸಿದರು. "ನಮ್ಮ ಲೈನಿನ್ಯಾಗ ಕಾರಿನ ಬಾಗಲದ ಅಳತಿ ನೋಡಿ, ತಪ್ಪಿದ್ರ ಲೈನ್ ನಿಲ್ಲಿಸೋ ಸೆನ್ಸರ್ ಇತ್ತು. ಬ್ಯಾರೆ ಅಳತಿ ಟ್ರಯಲ್ ಪೀಸ್ ಬಂದಾಗ ಒಂದು ಬಟನ್ ಒತ್ತತಿದ್ವಿ. ಆ ಒಂದು ಪೀಸಿಗಷ್ಟ ಸೆನ್ಸರ್ ಸುಮ್ಮನಿರ್ತಿತ್ತು. ಮುಂದಿನ ಪೀಸಿಗೆ ತಾನ ಚಾಲೂ. ಹಿಡಕೊಂಡು ನಿಲ್ಲೂದಿಲ್ಲ, ಮರೆಯೂದೂ ಇಲ್ಲ."

ಲತಾಶ್ರೀ ಮೂರು ವಾರದಿಂದ ಹುಡುಕುತ್ತಿದ್ದದ್ದು ಅದೇ. "ಹಾಗಾದ್ರೆ ಒಂದು ಸಾಲಿಗೆ ಮಾತ್ರ, ಅಂಕಲ್. ಎಂಟರ್ ಒತ್ತೋವರೆಗೂ."

ಅಲ್ಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಎಫ್-ಎಂಟು ಕೀಲಿಯನ್ನು ಒಮ್ಮೆ ಒತ್ತಿದರೆ ಸಾಲಿನ ಪಕ್ಕ ಹಳದಿ ಪಟ್ಟಿ ಮೂಡುವುದು. ಎಂಟರ್ ಒತ್ತಿದರೆ ತಿದ್ದುವಿಕೆ ತಾನಾಗಿ ಮರಳುವುದು. ಮೊದಲ ಪ್ರಯತ್ನದಲ್ಲೇ ಗುರುಶಾಂತಪ್ಪ ಒಂದು ಹುಳುಕು ಹಿಡಿದರು. ಬಿಟ್ಟುಹೋದ ಅಕ್ಷರ ಸೇರಿಸಲು ಅವರು ಆಗಲೇ ಪಟ್ಟಿ ಬಿದ್ದಿದ್ದ ಮೇಲಿನ ಸಾಲಿಗೆ ಹೋದೊಡನೆ ಎಡಿಟರ್ ಇಡೀ ಸಾಲನ್ನು ತಿದ್ದಿಬಿಟ್ಟಿತು. ಪಟ್ಟಿ ಬಿದ್ದ ಸಾಲನ್ನು ಮತ್ತೆಂದೂ ಮುಟ್ಟದಂತೆ ಮಾಡಲು ಇನ್ನೆರಡು ತಾಸು ಹಿಡಿಯಿತು.

ಆಮೇಲೆ ಗಂಗಮ್ಮನನ್ನು ಕರೆದರು. ಆಕೆ ಅನುಮಾನದಿಂದಲೇ ಬಂದು ನಿಂತು, "ಬಾಜೂ ಮನಿಯಾಕಿ ತನ್ನ ಕೋಟ ತಂದು ನನಗ ಹಾಕಿದ್ಳು. ಆಕಿ ಮಾತ ನನಗ ತಿಳೀಲಿಲ್ಲ, ನನ್ನ ಮಾತ ಆಕಿಗೆ ತಿಳೀಲಿಲ್ಲ" ಎಂದರು.

ಗುರುಶಾಂತಪ್ಪ ಎಫ್-ಎಂಟು ಒತ್ತಿ ನಿಧಾನವಾಗಿ ಬರೆದು ಗಟ್ಟಿಯಾಗಿ ಓದಿದರು. ಒಂದಕ್ಷರವೂ ಬದಲಾಗಿರಲಿಲ್ಲ. ಗಂಗಮ್ಮ ಕುರ್ಚಿ ಎಳೆದುಕೊಂಡು ಕೂತರು. "ಮುಂದ ಬರೀರಿ" ಎಂದರು.

ಮರುದಿನ ಹೊರಡುವಾಗ ಗುರುಶಾಂತಪ್ಪ ಕಾರಿನ ತನಕ ಬಂದರು. "ಭಾಳ ಉಪಕಾರ ಆತು ತಂಗಿ."

"ನಾನು ಹೇಳ್ಬೇಕು ಅಂಕಲ್ ಅದನ್ನ" ಎಂದಳು ಲತಾಶ್ರೀ.

ಏಪ್ರಿಲ್‌ನಲ್ಲಿ ಆ ಕೀಲಿ ಎಲ್ಲ ಭಾಷೆಗಳ ಆವೃತ್ತಿಗೂ ಸೇರಿತು. ವಿನ್ಯಾಸದ ದಾಖಲೆಯಲ್ಲಿ ಲತಾಶ್ರೀ ತನ್ನ ಹೆಸರಿಗಿಂತ ಮೇಲೆ ಗುರುಶಾಂತಪ್ಪನವರ ಹೆಸರು ಬರೆದಳು. ಮನೆಯಲ್ಲಾಡುವ ಮಾತಿನಲ್ಲೇ ಮಕ್ಕಳಿಂದ ಕಥೆ ಬರೆಸುತ್ತಿದ್ದ ಸ್ಕೋಕಿ ಎಂಬ ಊರಿನ ಶಿಕ್ಷಕಿಯೊಬ್ಬರು ಧನ್ಯವಾದ ಹೇಳಿ ಪತ್ರ ಬರೆದರು. ಅದನ್ನು ಅವಳು ಹಾಗೇ ಸ್ಟರ್ಲಿಂಗ್ ಹೈಟ್ಸ್‌ಗೆ ಕಳಿಸಿದಳು.